ಹಳೇ ತೋಟಕ್ಕೆ ಕೈ ಹಾಕುವ ಮುಂಚೆ

ಎಲ್ಲರಿಗೂ ನಮಸ್ಕಾರ. ನನ್ನನ್ನು ಕರೆದಾಗ ‘ಮನೆ ಮುಂದೆ ಹೂದೋಟ ಮಾಡುವುದು ಹೇಗೆ’ ಅಂತ ವಿಷಯ ಕೊಟ್ಟಿದ್ದರು. ಅದನ್ನು ನಾನು ಸ್ವಲ್ಪ ತಿರುಗಿಸಿಕೊಂಡಿದ್ದೇನೆ. ಖಾಲಿ ಜಾಗದಲ್ಲಿ ಹೊಸದಾಗಿ ತೋಟ ಮಾಡುವುದು ಅಷ್ಟೇನೂ ಕಷ್ಟವಲ್ಲ. ಹಳೇ ತೋಟ ಸಿಕ್ಕರೆ ಕಷ್ಟ. ಅಲ್ಲಿ ನಮಗಿಂತ ಮುಂಚೆ ಯಾರೋ ಇದ್ದರು. ಏನೋ ನೆಟ್ಟಿದ್ದಾರೆ, ಏನೋ ಹೂತಿದ್ದಾರೆ, ಇನ್ನೇನೋ ಅರ್ಧಕ್ಕೆ ಬಿಟ್ಟು ಹೋಗಿದ್ದಾರೆ. ಯಾವುದು ಎಲ್ಲಿದೆ ಅಂತ ಹೇಳಲು ಅವರಿಲ್ಲ. ಮಣ್ಣನ್ನೇ ಕೇಳಬೇಕು. ಮಣ್ಣು ನಿಧಾನವಾಗಿ ಮಾತಾಡುತ್ತದೆ.

ಏಳು ವರ್ಷದ ಹಿಂದೆ ನಾವು ಈಗಿರುವ ಮನೆಗೆ ಬಂದೆವು. ಚಿಕ್ಕ ಹೆಂಚಿನ ಮನೆ. ಬೀಗ ಬಿದ್ದು ಹನ್ನೊಂದು ವರ್ಷ ಆಗಿತ್ತು. ಮುಂದೆ ಒಂದು ತುಂಡು ಜಾಗ, ಪಕ್ಕದಲ್ಲಿ ಇನ್ನೊಂದು ತುಂಡು, ಹಿಂದೆ ಉದ್ದಕ್ಕೆ ಒಂದು ಪಟ್ಟಿ. ಎಲ್ಲ ಸೇರಿದರೆ ಎರಡು ಸಾವಿರ ಚದರ ಅಡಿ ಇರಬಹುದು. ಮುಂಚೆ ಅಲ್ಲಿದ್ದ ಅಜ್ಜಿಗೆ ಗಿಡದ ಹುಚ್ಚು ಅಂತ ಪಕ್ಕದ ಮನೆಯವರು ಹೇಳಿದ್ದರು. ನಮಗೆ ಕಂಡದ್ದು ಮಾತ್ರ ಸೊಂಟದೆತ್ತರ ಹುಲ್ಲು, ಗೇಟಿನ ಮೇಲೆ ಹಬ್ಬಿದ ಲಂಟಾನ, ನಡುನಡುವೆ ಒಣಕಡ್ಡಿಗಳು. ಆಗ ಚಳಿಗಾಲ ಬೇರೆ.

ನಾನು ಏನು ಮಾಡಿದೆ ಗೊತ್ತಾ? ಇಬ್ಬರು ಕೆಲಸದವರನ್ನು ಕರೆಸಿ ಮೂರೇ ದಿನದಲ್ಲಿ ಎಲ್ಲ ಸವರಿಸಿಬಿಟ್ಟೆ. ಗುದ್ದಲಿಯಲ್ಲಿ ಮೇಲ್ಮಣ್ಣು ಕೆದಕಿಸಿದೆ. ಕಸ ತುಂಬಿದ ಗಾಡಿ ಎರಡು ಸಲ ಹೋಯಿತು. ಆಮೇಲೆ ಅಂಗಳದಲ್ಲಿ ನಿಂತು ಫೋಟೋ ಬೇರೆ ತೆಗೆಸಿಕೊಂಡೆ. ಎಷ್ಟು ಚೊಕ್ಕಟವಾಗಿತ್ತು ಅಂದರೆ, ಅಂಗಳ ಹೋಗಿ ಆಟದ ಮೈದಾನ ಆಗಿತ್ತು.

ಆ ಮೂರು ದಿನದಲ್ಲಿ ಏನೇನು ಕಳೆದುಕೊಂಡೆ ಅಂತ ತಿಳಿಯಲು ನನಗೆ ಮೂರು ವರ್ಷ ಬೇಕಾಯಿತು. ಇವತ್ತು ಹೇಳುವುದು ಹೆಚ್ಚುಕಡಿಮೆ ಅದರ ಲೆಕ್ಕವೇ.

ಅದಕ್ಕೆ ಮುಂಚೆ ನನ್ನ ಮನಸ್ಸಿನಲ್ಲಿದ್ದ ಚಿತ್ರದ ಬಗ್ಗೆ ಎರಡು ಮಾತು. ನನಗೆ ‘ಕಾಟೇಜ್ ಗಾರ್ಡನ್’ ಬೇಕಿತ್ತು. ಇಂಗ್ಲೆಂಡಿನ ಹಳ್ಳಿಮನೆಗಳ ಮುಂದೆ ಹೂ, ತರಕಾರಿ, ಔಷಧಿ ಗಿಡ ಎಲ್ಲ ಕಲಸಿಕೊಂಡು ಬೆಳೆದಿರುತ್ತವಲ್ಲ, ಆ ಥರದ್ದು. ಗೇಟಿನಿಂದ ಬಾಗಿಲಿಗೆ ನೆಟ್ಟಗೆ ಒಂದು ದಾರಿ. ಎರಡೂ ಕಡೆ ದಾರಿಯ ಮೇಲೆ ಬಾಗಿದ ಗಿಡಗಳು. ಹುಲ್ಲುಹಾಸು ಕಡಿಮೆ. ನೋಡಿದರೆ ತಾನಾಗೇ ಬೆಳೆದಂತೆ ಕಾಣಬೇಕು. ಮೂಲದಲ್ಲಿ ಅದು ಬಡವರ ತೋಟ. ಹೊಟ್ಟೆಗೆ ಬೇಕಾದದ್ದನ್ನು ಮೊದಲು ಹಾಕಿ, ಉಳಿದ ಸಂದಿಯಲ್ಲಿ ಹೂವಿಗೆ ಜಾಗ ಕೊಡುತ್ತಿದ್ದರು. ಹತ್ತೊಂಬತ್ತನೇ ಶತಮಾನದಲ್ಲಿ ದೊಡ್ಡ ಮನೆಗಳವರು ಗಾಜಿನ ಮನೆಯಲ್ಲಿ ಸಾವಿರಾರು ಸಸಿ ಬೆಳೆಸಿ, ರತ್ನಗಂಬಳಿ ಹಾಸಿದ ಹಾಗೆ ನೆಟ್ಟು, ಹೂ ಮುಗಿದ ಮೇಲೆ ಕಿತ್ತೆಸೆಯುತ್ತಿದ್ದರು. ವಿಲಿಯಂ ರಾಬಿನ್ಸನ್ ಅನ್ನುವ ತೋಟಗಾರ, ಬರಹಗಾರ ಅದರ ವಿರುದ್ಧ ಕಟುವಾಗಿ ಬರೆದರು. ಗರ್ಟ್ರೂಡ್ ಜೀಕಲ್ (1843–1932) ಚಿತ್ರ ಬಿಡಿಸಲು ಕಲಿತವರು. ಕಣ್ಣು ಮಂದವಾದ ಮೇಲೆ ತೋಟದ ಕಡೆ ಪೂರ್ತಿ ವಾಲಿದರು. ಸರ‍್ರೆಯ ಹಳ್ಳಿಮನೆಗಳ ಅಂಗಳ ನೋಡಿ ಕಲಿತದ್ದನ್ನು ದೊಡ್ಡವರ ತೋಟಗಳಿಗೆ ತಂದರು. ಬಡವರು ಅನಿವಾರ್ಯಕ್ಕೆ ಮಾಡಿಕೊಂಡದ್ದು ಹೀಗೆ ಉಳ್ಳವರ ಫ್ಯಾಷನ್ ಆಯಿತು. ನನಗೆ ಇದು ಸ್ವಲ್ಪ ತಮಾಷೆಯಾಗಿ ಕಾಣುತ್ತದೆ. ಆದರೆ ತೋಟ ಚೆನ್ನಾಗಿರುವುದು ಸುಳ್ಳಲ್ಲ.

ನನಗೆ ಇವರೆಲ್ಲರಿಗಿಂತ ಹತ್ತಿರ ಅನ್ನಿಸುವವರು ಮಾರ್ಜರಿ ಫಿಷ್. ಪತ್ರಿಕಾ ಕಚೇರಿಯಲ್ಲಿ ಕೆಲಸ ಮಾಡಿದ್ದವರು. 1937ರಲ್ಲಿ ಅವರೂ ಗಂಡನೂ ಇಂಗ್ಲೆಂಡಿನ ಸಾಮರ್ಸೆಟ್‌ನಲ್ಲಿ ಒಂದು ಹಳೇ ಮನೆ ಕೊಂಡರು. ಈಸ್ಟ್ ಲ್ಯಾಂಬ್ರೂಕ್ ಮ್ಯಾನರ್ ಅಂತ ಅದರ ಹೆಸರು. ಆಗ ಆಕೆಗೆ ಸುಮಾರು 45 ವರ್ಷ. ತೋಟದ ಕೆಲಸ ಗೊತ್ತಿರಲಿಲ್ಲ. ಅಂಗಳ ಪಾಳು ಬಿದ್ದಿತ್ತು. ಗಂಡನಿಗೆ ಅಚ್ಚುಕಟ್ಟಾದ ದಾರಿ, ದೊಡ್ಡ ದೊಡ್ಡ ಡೇಲಿಯ ಬೇಕು. ಆಕೆಗೆ ಮೂಲೆಯಲ್ಲಿ ಅರಳುವ ಸಣ್ಣ ಹೂಗಳೇ ಇಷ್ಟ. ಇಂಥ ಜಗಳ ಎಷ್ಟು ಮನೆಯಲ್ಲಿ ನಡೆದಿಲ್ಲ ಹೇಳಿ? ಆ ತೋಟವನ್ನು ಅವರು 1969ರಲ್ಲಿ ತೀರಿಕೊಳ್ಳುವವರೆಗೂ ತಿದ್ದುತ್ತಲೇ ಇದ್ದರು. ಮೂವತ್ತು ವರ್ಷ. ನಾನು ಮೂರು ದಿನದಲ್ಲಿ ಮುಗಿಸಲು ಹೊರಟಿದ್ದೆ.

ಸರಿ, ನಮ್ಮ ಅಂಗಳಕ್ಕೆ ಬರೋಣ. ಬೇಸಿಗೆ ಕಳೆಯಿತು. ಮೊದಲ ಮಳೆ ಬಂದು ನಾಲ್ಕನೇ ದಿನ ಬೆಳಿಗ್ಗೆ ಬಾಗಿಲು ತೆಗೆದರೆ ಬರೀ ಮಣ್ಣಿದ್ದ ಜಾಗದಲ್ಲಿ ಗುಲಾಬಿ ಬಣ್ಣದ ಹೂಗಳು. ರೈನ್ ಲಿಲ್ಲಿ. ಅದರ ಗಡ್ಡೆ ಈರುಳ್ಳಿಯ ಥರ ಮಣ್ಣೊಳಗೆ ಮಲಗಿರುತ್ತದೆ. ಒಣಗಾಲದಲ್ಲಿ ಮೇಲೆ ಏನೂ ಕಾಣದೇ ಇರಬಹುದು. ಮಳೆ ಬಿದ್ದ ಕೆಲವೇ ದಿನಕ್ಕೆ ಹೂ. ಖುಷಿಯಿಂದ ಹತ್ತಿರ ಹೋದೆ. ಅಲ್ಲೊಂದು ಇಲ್ಲೊಂದು ಇದ್ದವು. ಮಧ್ಯದ್ದನ್ನೆಲ್ಲ ನನ್ನ ಗುದ್ದಲಿ ಕಿತ್ತು ಗಾಡಿಗೆ ಹಾಕಿತ್ತು. ಆದರೂ ಉಳಿದವು ಸಾಲಾಗಿದ್ದವು. ನೇರ ಗೆರೆಯಲ್ಲೂ ಅಲ್ಲ, ಗೇಟಿನಿಂದ ಸ್ವಲ್ಪ ಬಳುಕಿಕೊಂಡು ಮನೆಯ ಪಕ್ಕಕ್ಕೆ ಹೋಗುವ ಹಾಗೆ. ಮೂರಡಿ ಆಚೆ ಅದೇ ಬಳುಕಿನ ಇನ್ನೊಂದು ಸಾಲು.

ಎರಡು ದಿನ ಅದನ್ನೇ ನೋಡಿದೆ. ಯಾರೂ ಸುಮ್ನೆ ಹಾಗೆ ನೆಡುವುದಿಲ್ಲ ಅಲ್ವಾ? ಮೂರನೇ ದಿನ ಎರಡು ಸಾಲಿನ ನಡುವೆ ಹಾರೆ ಊರಿದೆ. ಎರಡೂವರೆ ಇಂಚಿಗೆ ಟಣ್ ಅಂತು. ಚಪ್ಪಡಿ ಕಲ್ಲು. ಪೂರ್ತಿ ದಾರಿಯೇ ಅಲ್ಲಿತ್ತು. ಹನ್ನೊಂದು ವರ್ಷದಲ್ಲಿ ಮಣ್ಣಿನ ಕೆಳಗೆ ಹೋಗಿತ್ತು.

ಕಲ್ಲು ಹೇಗೆ ಮುಳುಗಿತು ಅಂತ ನಮ್ಮ ಮನೆಯಲ್ಲಿ ಚರ್ಚೆ. ಮಳೆ ಮಣ್ಣು ತಂದು ಹಾಕಿದೆ ಅಂತ ಒಬ್ಬರು. ಹುಲ್ಲು ಕೊಳೆತು ಮಣ್ಣಾಗಿದೆ ಅಂತ ಇನ್ನೊಬ್ಬರು. ಅದೂ ಇರುತ್ತದೆ. ಆದರೆ ದೊಡ್ಡ ಕೆಲಸಗಾರ ಎರೆಹುಳ. ಅದು ಕೆಳಗಿನ ಮಣ್ಣು ತಿಂದು ಹಿಕ್ಕೆಯನ್ನು ಮೇಲೆ ತಂದು ಹಾಕುತ್ತದೆ. ಕಲ್ಲಿನ ಕೆಳಗೆ ಟೊಳ್ಳಾಗುತ್ತದೆ, ಮೇಲೆ ಮಣ್ಣು ಏರುತ್ತದೆ. ಇದನ್ನು ಕೂತು ಅಳೆದವರು ಚಾರ್ಲ್ಸ್ ಡಾರ್ವಿನ್. 1842ರ ಡಿಸೆಂಬರ್‌ನಲ್ಲಿ ಮನೆ ಹತ್ತಿರದ ಹೊಲದಲ್ಲಿ ಸೀಮೆಸುಣ್ಣದ ಕಲ್ಲಿನ ಚೂರು ಹರಡಿಸಿದರು. ಆಮೇಲೆ ಕಾದರು. 1871ರಲ್ಲಿ, 29 ವರ್ಷ ಆದ ಮೇಲೆ, ಅಲ್ಲಿ ಕಾಲುವೆ ತೋಡಿಸಿ ನೋಡಿದರೆ ಬಿಳಿ ಚೂರುಗಳ ಗೆರೆ ಏಳು ಇಂಚು ಕೆಳಗಿತ್ತು. ಲೆಕ್ಕ ಹಾಕಿ. ವರ್ಷಕ್ಕೆ ಕಾಲು ಇಂಚಿನ ಹತ್ತಿರ. ನಮ್ಮ ಹನ್ನೊಂದು ವರ್ಷಕ್ಕೆ ಎರಡೂವರೆ ಇಂಚು. ಬೇರೆ ದೇಶ, ಬೇರೆ ಮಣ್ಣು, ಲೆಕ್ಕ ಕೂಡಿ ಬಂದದ್ದು ಕಾಕತಾಳೀಯವೇ ಇರಬಹುದು. ಆದರೂ ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಂಗಳದಲ್ಲಿ ಇನ್ನೂ ಏನೇನಿದೆಯೋ ಅಂತ.

ಆವತ್ತಿನಿಂದ ಗುದ್ದಲಿ ಒಳಗಿಟ್ಟೆ. ಒಂದು ವರ್ಷ ಬರೀ ನೋಡುವುದು ಅಂತ ತೀರ್ಮಾನ. ಹೇಳಲು ಸುಲಭ, ಮಾಡಲು ಭಾರೀ ಕಷ್ಟ. ಬಂದವರೆಲ್ಲ ‘ತೋಟ ಏನಾಯ್ತು’ ಅಂತ ಕೇಳುತ್ತಾರೆ. ‘ನೋಡ್ತಾ ಇದ್ದೇನೆ’ ಅಂದರೆ ಸೋಮಾರಿ ಅಂದುಕೊಳ್ಳುತ್ತಾರೆ.

ನೋಡುವುದು ಅಂದರೆ ಕುರ್ಚಿ ಹಾಕಿಕೊಂಡು ಕೂರುವುದಲ್ಲ. ಒಂದು ನೋಟ್‌ಬುಕ್ ಇಟ್ಟೆ. ತಿಂಗಳ ಮೊದಲ ದಿನ ಅದೇ ಮೂರು ಜಾಗದಲ್ಲಿ ನಿಂತು ಫೋಟೋ. ಹೊಸದಾಗಿ ಏನು ಮೊಳೆತರೂ ಪಕ್ಕಕ್ಕೆ ಒಂದು ಕಡ್ಡಿ, ಅದಕ್ಕೆ ತಾರೀಖು ಬರೆದ ಚೀಟಿ. ಜೋರು ಮಳೆ ನಿಂತ ಕೂಡಲೇ ಕೊಡೆ ಹಿಡಿದು ಒಂದು ಸುತ್ತು. ನೀರು ಎಲ್ಲಿ ನಿಂತಿದೆ, ಎಲ್ಲಿಂದ ಎಲ್ಲಿಗೆ ಹರಿಯುತ್ತಿದೆ ಅಂತ ಆ ಹತ್ತು ನಿಮಿಷದಲ್ಲಿ ಗೊತ್ತಾದಷ್ಟು ಬೇರೆ ಯಾವಾಗಲೂ ಗೊತ್ತಾಗುವುದಿಲ್ಲ. ಇನ್ನು ನೆರಳು. ಬೇಸಿಗೆಯಲ್ಲಿ ಸೂರ್ಯ ಮೇಲೆ ಇರುತ್ತಾನೆ, ಗೋಡೆಯ ನೆರಳು ಗಿಡ್ಡ. ಚಳಿಗಾಲದಲ್ಲಿ ಕೆಳಗೆ ಇರುತ್ತಾನೆ, ಅದೇ ಗೋಡೆಯ ನೆರಳು ಅರ್ಧ ಅಂಗಳ ನುಂಗುತ್ತದೆ. ಬೇಸಿಗೆಯಲ್ಲಿ ‘ಇಲ್ಲಿ ಬಿಸಿಲು ಚೆನ್ನಾಗಿದೆ’ ಅಂತ ಗುಲಾಬಿ ನೆಟ್ಟವರು ಆರು ತಿಂಗಳಿಗೆ ತಲೆ ಕೆರೆದುಕೊಳ್ಳುತ್ತಾರೆ. ಬೆಳಿಗ್ಗೆ ಒಂಬತ್ತು, ಮಧ್ಯಾಹ್ನ ಹನ್ನೆರಡು, ಸಂಜೆ ನಾಲ್ಕು. ಈ ಮೂರು ಹೊತ್ತು ನೆರಳಿನ ಅಂಚಿಗೆ ಕಲ್ಲಿಡಿ. ಎರಡು ಋತುವಿನಲ್ಲಿ ಮಾಡಿ. ಸಾಕು.

ಈಗ ಹೈಡ್ರೇಂಜಿಯದ ವಿಷಯ. ಇದು ನನಗೆ ಅತಿ ಹೆಚ್ಚು ಕಲಿಸಿದ ಗಿಡ. ನಾನು ಸವರಿಸಿದ ‘ಒಣಕಡ್ಡಿ’ಗಳು ಒಣಗಿರಲಿಲ್ಲ. ಅವು ದೊಡ್ಡೆಲೆಯ ಹೈಡ್ರೇಂಜಿಯ, ಚಳಿಗೆ ಎಲೆ ಉದುರಿಸಿ ನಿಂತಿದ್ದವು. ಬುಡದಿಂದ ಮತ್ತೆ ಚಿಗುರಿದವು. ಎಲೆ ಸೊಂಪಾಗಿ ಬಂತು, ಒಂದು ಹೂವೂ ಇಲ್ಲ. ಗೊಬ್ಬರ ಕಡಿಮೆಯಾಯಿತು ಅಂತ ಗೊಬ್ಬರ ಹಾಕಿದೆ. ಇನ್ನೂ ಜಾಸ್ತಿ ಎಲೆ ಬಂತು! ಆಮೇಲೆ ತಿಳಿದದ್ದು ಇಷ್ಟು. ಈ ಜಾತಿ ಮುಂದಿನ ವರ್ಷದ ಮೊಗ್ಗನ್ನು ಈ ವರ್ಷದ ಕೊಂಬೆಯ ತುದಿಯಲ್ಲಿ ಮೊದಲೇ ಕಟ್ಟಿಟ್ಟುಕೊಳ್ಳುತ್ತದೆ. ಚಳಿಗಾಲದಲ್ಲಿ ಕತ್ತರಿಸಿದರೆ ಮುಂದಿನ ಹೂವನ್ನೇ ಕತ್ತರಿಸಿದ ಹಾಗೆ.

ಹಾಗಾಗಿ ಯಾವ ಪೊದೆಗೆ ಕತ್ತರಿ ಹಾಕುವ ಮುಂಚೆಯೂ ಒಂದು ಪ್ರಶ್ನೆ ಕೇಳಿಕೊಳ್ಳಿ. ಇದು ಹಳೇ ಕೊಂಬೆಯಲ್ಲಿ ಹೂ ಬಿಡುತ್ತದೋ, ಹೊಸ ಚಿಗುರಿನಲ್ಲೋ? ಹಳೇ ಕೊಂಬೆಯದಾದರೆ ಹೂ ಮುಗಿದ ಕೂಡಲೇ ಸವರಬೇಕು. ಹೊಸ ಚಿಗುರಿನದಾದರೆ ಚಿಗುರು ಹೊರಡುವ ಮುಂಚೆ ಸವರಬೇಕು. ಗುಲಾಬಿಯಲ್ಲೇ ಎರಡೂ ಬಗೆ ಇವೆ. ವರ್ಷದಲ್ಲಿ ಒಂದೇ ಸಲ ಮೈತುಂಬ ಹೂ ಬಿಡುವ ಹಳೇ ತಳಿಗಳು ಹೆಚ್ಚಾಗಿ ಹಳೇ ಕೊಂಬೆಯವು. ಮತ್ತೆ ಮತ್ತೆ ಬಿಡುವ ಈಗಿನ ತಳಿಗಳು ಹೊಸ ಚಿಗುರಿನವು. ಯಾವುದು ಅಂತ ಗೊತ್ತಿಲ್ಲದಿದ್ದರೆ? ಒಂದು ವರ್ಷ ಮುಟ್ಟಬೇಡಿ. ಗಿಡವೇ ಹೇಳುತ್ತದೆ.

ಆ ಹೈಡ್ರೇಂಜಿಯ ಮುಂದಿನ ವರ್ಷ ಹೂ ಬಿಟ್ಟಿತು. ಬೇಲಿ ಪಕ್ಕದ್ದು ನೀಲಿ. ಮನೆ ಗೋಡೆ ಪಕ್ಕದ್ದು ಗುಲಾಬಿ. ಬೇರೆ ಬೇರೆ ತಳಿ ಅಂದುಕೊಂಡೆ. ಆದರೆ ಎಲೆ, ಕಾಂಡ, ಹೂವಿನ ಆಕಾರ ಎಲ್ಲ ಒಂದೇ. ಹೈಡ್ರೇಂಜಿಯದ ಬಣ್ಣ ಮಣ್ಣಿನ ಹುಳಿಯ ಮೇಲೆ ನಿಂತಿದೆ. ಹುಳಿ ಮಣ್ಣಿನಲ್ಲಿ, ಅಂದರೆ ಪಿಎಚ್ ಸುಮಾರು 5.5ಕ್ಕಿಂತ ಕಡಿಮೆ ಇದ್ದರೆ, ಬೇರು ಅಲ್ಯೂಮಿನಿಯಂ ಹೀರಿಕೊಳ್ಳುತ್ತದೆ, ಹೂ ನೀಲಿಯಾಗುತ್ತದೆ. ಸುಣ್ಣ ಇರುವ ಮಣ್ಣಿನಲ್ಲಿ ಅಲ್ಯೂಮಿನಿಯಂ ಬೇರಿಗೆ ಸಿಗುವುದಿಲ್ಲ, ಹೂ ಗುಲಾಬಿ. ಹಾಗಾದರೆ ಗೋಡೆ ಪಕ್ಕ ಸುಣ್ಣ ಎಲ್ಲಿಂದ ಬಂತು? ಅಗೆದು ನೋಡಿದೆ. ಎಂಟು ಇಂಚು ಕೆಳಗೆ ಒಡೆದ ಹೆಂಚು, ಗೋಡೆಯಿಂದ ಕೆತ್ತಿದ ಸುಣ್ಣದ ಗಾರೆ. ಯಾವುದೋ ಕಾಲದಲ್ಲಿ ಮನೆ ರಿಪೇರಿ ಮಾಡಿ ಕಸವನ್ನೆಲ್ಲ ಅಲ್ಲೇ ಹೂತಿದ್ದರು. ಮಣ್ಣು ಪರೀಕ್ಷೆಯ ವರದಿ ಬರುವ ಮುಂಚೆ ಹೂವೇ ವರದಿ ಕೊಟ್ಟಿತ್ತು.

ಮಣ್ಣಿನ ಬಗ್ಗೆ ಮನೆಯಲ್ಲೇ ಮಾಡಬಹುದಾದ ಎರಡು ಪರೀಕ್ಷೆ ಹೇಳುತ್ತೇನೆ. ಒಂದಡಿ ಆಳದ ಗುಂಡಿ ತೋಡಿ. ನೀರು ತುಂಬಿ, ಪೂರ್ತಿ ಇಂಗಲಿ. ಮತ್ತೆ ತುಂಬಿ, ಗಂಟೆಗೆ ಎಷ್ಟು ಇಳಿಯುತ್ತದೆ ಅಂತ ಸ್ಕೇಲ್ ಇಟ್ಟು ನೋಡಿ. ಒಂದರಿಂದ ಎರಡು ಇಂಚು ಇಳಿದರೆ ಹೆಚ್ಚಿನ ಹೂಗಿಡಗಳಿಗೆ ಸರಿ. ಅರ್ಧ ಇಂಚೂ ಇಳಿಯದಿದ್ದರೆ ಬೇರು ಕೊಳೆಯುತ್ತದೆ. ಅಲ್ಲಿ ಪಾತಿಯನ್ನು ಎತ್ತರಿಸಬೇಕು, ಇಲ್ಲವೇ ನೀರು ಇಷ್ಟಪಡುವ ಕ್ಯಾನಾದಂಥ ಗಿಡ ಹಾಕಬೇಕು. ಇನ್ನೊಂದು ಬಾಟಲಿ ಪರೀಕ್ಷೆ. ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು, ಮೇಲೆ ನೀರು, ಒಂದು ಚಿಟಿಕೆ ಸೋಪಿನ ಪುಡಿ. ಚೆನ್ನಾಗಿ ಅಲ್ಲಾಡಿಸಿ ಇಡಿ. ಮರಳು ಒಂದೆರಡು ನಿಮಿಷಕ್ಕೆ ಕೂರುತ್ತದೆ. ಅದರ ಮೇಲೆ ನವಿರು ಮಣ್ಣು ಕೆಲವು ಗಂಟೆ ತೆಗೆದುಕೊಳ್ಳುತ್ತದೆ. ಜೇಡಿ ಕೂರಲು ಒಂದು ದಿನ, ಕೆಲವು ಸಲ ಇನ್ನೂ ಜಾಸ್ತಿ. ಮೂರು ಪದರದ ದಪ್ಪ ನೋಡಿದರೆ ನಿಮ್ಮದು ಯಾವ ಮಣ್ಣು ಅಂತ ತಿಳಿಯಿತು.

ಮಣ್ಣು ಹೇಗೇ ಇರಲಿ, ಮದ್ದು ಒಂದೇ. ಕೊಳೆತ ಗೊಬ್ಬರ. ವರ್ಷಕ್ಕೊಮ್ಮೆ ಎರಡು ಇಂಚು ದಪ್ಪ ಮೇಲೆ ಹರಡಿ, ಅಷ್ಟೇ. ಅಗೆದು ಕಲಸಬೇಡಿ. ಕೆಳಗೆ ಒಯ್ಯುವ ಕೆಲಸವನ್ನು ಎರೆಹುಳ ಮಾಡುತ್ತದೆ. ಚಪ್ಪಡಿ ಕಲ್ಲನ್ನೇ ಮುಳುಗಿಸಿದ್ದಕ್ಕೆ ಗೊಬ್ಬರ ಯಾವ ಲೆಕ್ಕ?

ಅಗೆಯಬೇಡಿ ಅನ್ನಲು ಇನ್ನೊಂದು ಕಾರಣ ಕಳೆ. ನಾನು ಮೊದಲ ವಾರ ಕೆದಕಿಸಿದ ಮಣ್ಣಿನಲ್ಲಿ ಮಳೆ ಬಂದ ಮೇಲೆ ಕಳೆ ಹೇಗೆ ಎದ್ದಿತು ಅಂದರೆ, ಮುಂಚೆ ಇದ್ದ ಹುಲ್ಲೇ ಎಷ್ಟೋ ವಾಸಿ ಅನ್ನಿಸಿತು. ಕಳೆಯ ಬೀಜ ಮಣ್ಣಲ್ಲಿ ವರ್ಷಗಟ್ಟಲೆ ಮಲಗಿರುತ್ತದೆ. ಎಷ್ಟು ವರ್ಷ? ಇದನ್ನು ತಿಳಿಯಲು ಅಮೆರಿಕದ ಮಿಷಿಗನ್‌ನಲ್ಲಿ ವಿಲಿಯಂ ಬೀಲ್ ಅನ್ನುವ ಪ್ರೊಫೆಸರ್ 1879ರಲ್ಲಿ ಒಂದು ಕೆಲಸ ಮಾಡಿದರು. 20 ಬಾಟಲಿಗಳಲ್ಲಿ ಮರಳಿನ ಜೊತೆ ಬೇರೆ ಬೇರೆ ಗಿಡಗಳ ಬೀಜ ತುಂಬಿ ಹೂತಿಟ್ಟರು. ಆಗಾಗ ಒಂದೊಂದು ಬಾಟಲಿ ತೆಗೆದು ಮೊಳಕೆ ಬರುತ್ತದೋ ನೋಡುವುದು. ಮೊದಲು ಐದು ವರ್ಷಕ್ಕೊಂದು, ಆಮೇಲೆ ಹತ್ತು ವರ್ಷಕ್ಕೊಂದು, ಈಗ ಇಪ್ಪತ್ತು ವರ್ಷಕ್ಕೊಂದು. ಅವರು ಯಾವತ್ತೋ ತೀರಿಕೊಂಡರು, ಪ್ರಯೋಗ ನಡೆಯುತ್ತಲೇ ಇದೆ. 2021ರಲ್ಲಿ ಹದಿನಾರನೇ ಬಾಟಲಿ ತೆಗೆದರು. 141 ವರ್ಷ ಮಲಗಿದ್ದ ವರ್ಬಾಸ್ಕಮ್ ಅನ್ನುವ ಹೂಗಿಡದ ಬೀಜ ಮೊಳೆಯಿತು. ಕಾಟೇಜ್ ತೋಟದವರು ಇದೇ ವರ್ಬಾಸ್ಕಮ್ ಜಾತಿಯ ಗಿಡಗಳನ್ನು ಆಸೆಪಟ್ಟು ಬೆಳೆಸುತ್ತಾರೆ ಅನ್ನುವುದು ಬೇರೆ ಮಾತು. ಇನ್ನೂ ನಾಲ್ಕು ಬಾಟಲಿ ಇವೆ, ಕೊನೆಯದನ್ನು ತೆಗೆಯುವುದು 2100ಕ್ಕೆ.

ಇದರಲ್ಲಿ ನನಗೆ ಮುಖ್ಯ ಅನ್ನಿಸಿದ್ದು ಒಂದು ಸಣ್ಣ ವಿವರ. ಆ ಬಾಟಲಿಯನ್ನು ಈಗಿನ ವಿಜ್ಞಾನಿಗಳು ರಾತ್ರಿ ಕತ್ತಲಲ್ಲಿ ಹೋಗಿ ಅಗೆದು ತೆಗೆದರು. ಯಾಕೆಂದರೆ ಬೆಳಕು ಬಿದ್ದರೆ ಬೀಜ ಎಚ್ಚರಗೊಳ್ಳುತ್ತದೆ. ಎಷ್ಟೋ ಕಳೆಗಳ ಸಣ್ಣ ಬೀಜ ಹೀಗೆಯೇ. ನಾವು ಮಣ್ಣು ತಿರುವಿ ಹಾಕಿದಾಗ ಕೆಳಗಿದ್ದದ್ದಕ್ಕೆ ಬೆಳಕು ತೋರಿಸಿ ಎಬ್ಬಿಸುತ್ತೇವೆ. ಅದರ ಬದಲು ಮುಚ್ಚಿ. ಮೊದಲು ಹಳೇ ರಟ್ಟಿನ ಹಾಳೆ ಹಾಸಿ ನೆನೆಸಿ, ಮೇಲೆ ಮೂರ್ನಾಲ್ಕು ಇಂಚು ತರಗೆಲೆ. ಗಿಡದ ಬುಡಕ್ಕೆ ತಾಗಿಸದೆ ಒಂದು ಗೇಣು ಬಿಡಿ.

ಜೇಕಿಗೆ ಮಾತ್ರ ಇದು ಸಾಲದು. ಜೇಕು ಗೊತ್ತಲ್ಲ? ಜಗತ್ತಿನ ಅತಿ ಕೆಟ್ಟ ಕಳೆ ಅಂತ ಕಳೆ ವಿಜ್ಞಾನಿಗಳೇ ಬಿರುದು ಕೊಟ್ಟಿದ್ದಾರೆ. ಮಣ್ಣೊಳಗೆ ಗಡ್ಡೆಗಳು ದಾರಕ್ಕೆ ಪೋಣಿಸಿದ ಮಣಿಯ ಹಾಗಿರುತ್ತವೆ. ಮೇಲಿನದನ್ನು ಎಳೆದರೆ ದಾರ ತುಂಡಾಗುತ್ತದೆ, ಕೆಳಗೆ ಉಳಿದ ಪ್ರತಿ ಮಣಿಯೂ ಒಂದು ಗಿಡವಾಗುತ್ತದೆ. ನಮ್ಮ ಅಂಗಳದಲ್ಲಿ ಅದು ಇರಲೇ ಇಲ್ಲ. ಎರಡನೇ ವರ್ಷ ಪಾತಿ ಎತ್ತರಿಸಲು ಹೊರಗಿನಿಂದ ಒಂದು ಲೋಡ್ ಮಣ್ಣು ತರಿಸಿದೆ. ‘ಫಸ್ಟ್ ಕ್ಲಾಸ್ ಮಣ್ಣು’ ಅಂದಿದ್ದರು. ಬಣ್ಣ ಚೆನ್ನಾಗಿತ್ತು. ಮೂರು ವಾರಕ್ಕೆ ಪಾತಿ ತುಂಬ ಜೇಕು. ಐದು ವರ್ಷ ಆಯಿತು, ಇನ್ನೂ ಹೋರಾಡುತ್ತಿದ್ದೇನೆ. ನಾಲ್ಕನೇ ಎಲೆ ಬರುವಷ್ಟರಲ್ಲಿ ಕತ್ತರಿಸುವುದು, ಮತ್ತೆ ಬಂದರೆ ಮತ್ತೆ ಕತ್ತರಿಸುವುದು. ಗಡ್ಡೆಗೆ ಊಟ ಸಿಗದ ಹಾಗೆ ಸೊರಗಿಸಬೇಕು. ಬೇರೆ ಉಪಾಯ ನನಗೆ ಸಿಕ್ಕಿಲ್ಲ. ಹೊರಗಿನ ಮಣ್ಣು ತರುವ ಮುಂಚೆ ಒಂದು ಬಕೆಟ್ ಮಾತ್ರ ತಂದು, ನೀರು ಹಾಕಿ, ಒಂದು ತಿಂಗಳು ಇಟ್ಟು ನೋಡಿ. ನಾನು ನೋಡಲಿಲ್ಲ.

ಗುಲಾಬಿಯಲ್ಲೂ ಒಂದು ಪೆಟ್ಟು ತಿಂದೆ. ಗೇಟಿನ ಪಕ್ಕ ಹಳೇ ಗುಲಾಬಿ ಇತ್ತು. ಅದನ್ನೂ ನೆಲಮಟ್ಟಕ್ಕೆ ಕತ್ತರಿಸಿದ್ದೆ. ಜೋರಾಗಿ ಚಿಗುರಿತು. ಹತ್ತಡಿ ಉದ್ದದ ಕೊಂಬೆಗಳು. ಹೂ ಬಂದದ್ದು ಚಿಕ್ಕದು, ಬಿಳಿ, ಐದೇ ಎಸಳು. ‘ಅಜ್ಜಿಯ ಕಾಲದಲ್ಲಿ ಅದು ಕಡುಗೆಂಪು ಗುಲಾಬಿ, ಬೊಗಸೆಯಷ್ಟು ದೊಡ್ಡದು’ ಅಂದರು ಪಕ್ಕದ ಮನೆಯವರು. ಕಸಿ ಮಾಡಿದ ಗಿಡ ಅದು. ಬುಡದಲ್ಲಿ ಕಸಿಯ ಗಂಟು ಇರುತ್ತದೆ. ಅದರ ಕೆಳಗೆ ಕಾಡುಗುಲಾಬಿಯ ಬೇರು, ಮೇಲೆ ಬೇಕಾದ ತಳಿ. ನಾನು ಗಂಟನ್ನೂ ಸೇರಿಸಿ ಕತ್ತರಿಸಿದ್ದೆ. ಬೇರು ಬದುಕಿತು, ಗುಲಾಬಿ ಹೋಯಿತು. ನಿಮ್ಮ ಗಿಡದಲ್ಲಿ ಗಂಟಿನ ಕೆಳಗಿನಿಂದ ಚಿಗುರು ಬಂದರೆ ಮಣ್ಣು ಸರಿಸಿ, ಅದು ಹೊರಟ ಜಾಗದಿಂದಲೇ ಕಿತ್ತು ತೆಗೆಯಿರಿ. ಕತ್ತರಿಸಿದರೆ ಎರಡಾಗಿ ಬರುತ್ತದೆ.

ಮತ್ತೆ ಈ ತಪ್ಪು ಮಾಡಬಾರದು ಅಂತ ಹಿಂದಿನ ಪಟ್ಟಿಯಲ್ಲಿದ್ದ ಹಳೇ ಪೊದೆಗಳನ್ನು ಮೂರು ಪಾಲು ಮಾಡಿಕೊಂಡೆ. ಮೊದಲ ವರ್ಷ ಅತಿ ಹಳೆಯ, ದಪ್ಪ ಕಾಂಡಗಳಲ್ಲಿ ಮೂರನೇ ಒಂದು ಭಾಗ ಮಾತ್ರ ಬುಡದಿಂದ ತೆಗೆದೆ. ಮುಂದಿನ ವರ್ಷ ಇನ್ನೊಂದು ಭಾಗ. ಮೂರನೇ ವರ್ಷ ಉಳಿದದ್ದು. ಅಷ್ಟರಲ್ಲಿ ಪೊದೆ ಪೂರ್ತಿ ಹೊಸದಾಗಿರುತ್ತದೆ, ಒಂದು ವರ್ಷವೂ ಬೋಳಾಗಿ ನಿಲ್ಲುವುದಿಲ್ಲ. ಸತ್ತ ಕೊಂಬೆಗೆ ಮಾತ್ರ ಕಾಯಬೇಕಿಲ್ಲ. ಉಗುರಿನಿಂದ ತೊಗಟೆ ಕೆರೆದು ನೋಡಿ, ಒಳಗೆ ಹಸಿರಿದ್ದರೆ ಜೀವ ಇದೆ.

ಗಿಡ ಕೊಳ್ಳುವ ವಿಷಯ ಬೇಗ ಮುಗಿಸುತ್ತೇನೆ, ಯಾಕೆಂದರೆ ಅದನ್ನು ಯಾರಿಗೂ ಕಲಿಸಬೇಕಿಲ್ಲ. ನಾನು ಎರಡನೇ ವರ್ಷ ನಲವತ್ತು ಬಗೆಯ ಗಿಡ ತಂದೆ, ಎಲ್ಲ ಒಂದೊಂದು. ನೆಟ್ಟ ಮೇಲೆ ತೋಟ ನರ್ಸರಿಯ ಕೌಂಟರ್ ಥರ ಕಂಡಿತು. ಕಣ್ಣಿಗೆ ನಿಲ್ಲಲು ಜಾಗವಿಲ್ಲ. ಈಗ ಒಂದೊಂದು ಬಗೆ ಮೂರೋ ಐದೋ ಒಟ್ಟಿಗೆ ಹಾಕುತ್ತೇನೆ, ಇನ್ನೊಂದು ಕಡೆ ಅದನ್ನೇ ಮತ್ತೊಮ್ಮೆ. ಬಗೆ ಕಡಿಮೆಯಾದಷ್ಟೂ ತೋಟ ತುಂಬಿದಂತೆ ಕಾಣುತ್ತದೆ. ದಾರಿಯನ್ನು ಮಾತ್ರ ಅಗಲ ಮಾಡಿಸಿದೆ. ಅಜ್ಜಿಯ ದಾರಿ ಮೂರಡಿ ಇತ್ತು. ಎರಡೂ ಕಡೆಯಿಂದ ಗಿಡ ಬಾಗಿದರೆ ನಡೆಯಲು ಒಂದಡಿಯೂ ಉಳಿಯುವುದಿಲ್ಲ. ಮಳೆಗಾಲದಲ್ಲಿ ಮನೆಗೆ ಬಂದವರ ಬಟ್ಟೆಯೆಲ್ಲ ಒದ್ದೆ. ಅದೇ ಕಲ್ಲುಗಳನ್ನು ಎತ್ತಿ, ಕೆಳಗೆ ಜಲ್ಲಿ ಹಾಕಿ, ನಡುವೆ ಸಂದಿ ಬಿಟ್ಟು ಕೂರಿಸಿ ನಾಲ್ಕೂವರೆ ಅಡಿ ಮಾಡಿದೆವು. ರೈನ್ ಲಿಲ್ಲಿಯ ಗಡ್ಡೆಗಳನ್ನು ತೆಗೆದು ಹೊಸ ಅಂಚಿಗೆ ನೆಟ್ಟೆವು. ಬಳುಕು ಅಜ್ಜಿಯದೇ.

ನಾಲ್ಕನೇ ವರ್ಷಕ್ಕೆ ಇನ್ನೊಂದು ಬಗೆಯ ಕೆಲಸ ಶುರುವಾಯಿತು. ಡೇ ಲಿಲ್ಲಿ, ಅಗಪಾಂಥಸ್ ಥರದ ಗಿಡಗಳು ಗುಂಪಾಗಿ ಹರಡುತ್ತವೆ. ಮೂರ್ನಾಲ್ಕು ವರ್ಷ ಆದ ಮೇಲೆ ಗುಂಪಿನ ನಡುವೆ ಸೊರಗಿ, ಅಂಚಿನಲ್ಲಿ ಮಾತ್ರ ಸೊಂಪಾಗಿರುತ್ತದೆ. ಹೂ ಕಡಿಮೆಯಾಗುತ್ತದೆ. ಆಗ ಇಡೀ ಗುಂಪನ್ನು ಮೇಲೆತ್ತಿ ಹರಿತವಾದ ಸಲಿಕೆಯಿಂದ ಸೀಳಬೇಕು. ಮೊದಲ ಸಲ ಕೈ ನಡುಗುತ್ತದೆ. ನಡುವಿನ ಮುದಿ ಭಾಗ ಗೊಬ್ಬರದ ಗುಂಡಿಗೆ, ಅಂಚಿನ ಎಳೆಯ ಭಾಗ ಮತ್ತೆ ಪಾತಿಗೆ. ಎಲೆಯನ್ನು ಅರ್ಧಕ್ಕೆ ಕತ್ತರಿಸಿ, ಅವತ್ತೇ ನೆಟ್ಟು ನೀರು ಕೊಡಿ. ಒಂದು ಗಿಡ ಆರಾಗುತ್ತದೆ. ನಮ್ಮ ತೋಟದಲ್ಲಿ ಈಗ ಇರುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಹೀಗೆ ಸೀಳಿದ್ದು ಇಲ್ಲವೇ ತಾನಾಗಿ ಬಿದ್ದ ಬೀಜದಿಂದ ಬಂದದ್ದು.

ತಾನಾಗಿ ಬೀಳುವ ಬೀಜ ಈ ಬಗೆಯ ತೋಟದ ಜೀವ. ಗಿಡ ತನಗೆ ಬೇಕಾದ ಜಾಗ ತಾನೇ ಹುಡುಕಿಕೊಳ್ಳುತ್ತದೆ. ಕಲ್ಲಿನ ಸಂದಿಯಲ್ಲಿ ಬಂದ ಗಿಡ ನಾವು ಪಾತಿಯಲ್ಲಿ ಮುದ್ದು ಮಾಡಿ ಬೆಳೆಸಿದ್ದಕ್ಕಿಂತ ಗಟ್ಟಿಯಾಗಿರುತ್ತದೆ. ನಮ್ಮ ಕೆಲಸ ಹೆಚ್ಚಾದದ್ದನ್ನು ಕೀಳುವುದು ಅಷ್ಟೇ. ಆದರೆ ಯಾವುದು ಹೂಗಿಡದ ಸಸಿ, ಯಾವುದು ಕಳೆ ಅಂತ ಎರಡೆಲೆ ಇರುವಾಗಲೇ ಗುರುತು ಸಿಗಬೇಕು. ಹಾಲಿಹಾಕ್ ವಿಷಯದಲ್ಲಿ ನಾನು ಸೋತೆ. ಗೋಡೆ ಪಕ್ಕ ಮೊದಲೆರಡು ವರ್ಷ ಅಗಲ ಎಲೆಯ, ನೆಲಕ್ಕೆ ಅಂಟಿಕೊಂಡ ಗಿಡಗಳು ಬರುತ್ತಿದ್ದವು. ಹೂವಿಲ್ಲ, ಕಾಂಡವಿಲ್ಲ. ಕಳೆ ಅಂತ ಕಿತ್ತು ಹಾಕುತ್ತಿದ್ದೆ. ಮೂರನೇ ವರ್ಷ ನೀರಿನ ಪೈಪಿನ ಹಿಂದೆ ಒಂದು ತಪ್ಪಿಸಿಕೊಂಡಿತ್ತು. ಅದರ ಮುಂದಿನ ವರ್ಷ ಏಳಡಿ ಎತ್ತರಕ್ಕೆ ಎದ್ದು, ಬುಡದಿಂದ ತುದಿವರೆಗೆ ಹೂ ಬಿಟ್ಟಿತು. ಪಕ್ಕದ ಮನೆಯವರು ಕಾಂಪೌಂಡ್ ಮೇಲಿಂದ ನೋಡಿ ಹೇಳಿದರು, ‘ಅಯ್ಯೋ, ಅಜ್ಜಿಯ ಹೂ ಬಂತಲ್ಲ ಮಾರಾಯ್ರೆ!’

ಹಾಲಿಹಾಕ್ ಸಾಮಾನ್ಯವಾಗಿ ಮೊದಲ ವರ್ಷ ಎಲೆ ಮಾತ್ರ ಬಿಡುತ್ತದೆ. ಹೂ ಎರಡನೇ ವರ್ಷ. ಕೆಳಗಿನ ಎಲೆಗೆ ತುಕ್ಕಿನಂಥ ಚುಕ್ಕೆ ಬರುತ್ತದೆ, ಅದು ತುಕ್ಕು ರೋಗ. ಅಂಥ ಎಲೆ ಕಿತ್ತು ದೂರ ಹಾಕಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ನೀರು ಎಲೆ ಮೇಲೆ ಬೀಳದ ಹಾಗೆ ಬುಡಕ್ಕೆ ಕೊಡಿ.

ಅಲ್ಲಿ ಹಿಂದೆ ಕೂತವರು ಒಬ್ಬರು ಚೀಟಿ ಕಳಿಸಿದ್ದಾರೆ. ‘ಒಂದು ವರ್ಷ ಸುಮ್ನೆ ನೋಡಿ ಅನ್ನುತ್ತೀರಿ, ಮನೆಯವರು ಒಪ್ಪಬೇಕಲ್ಲ? ಅವರಿಗೆ ಈಗಲೇ ಹೂ ಬೇಕು.’ ನ್ಯಾಯವಾದ ಪ್ರಶ್ನೆ. ಬಾಗಿಲಿನ ಹತ್ತಿರ, ದಿನಾ ಕಣ್ಣಿಗೆ ಬೀಳುವ ಕಡೆ ಒಂದೇ ಒಂದು ಪಾತಿ ಮಾಡಿ. ಜಿನಿಯಾ, ಕಾಸ್ಮಾಸ್, ಚೆಂಡುಹೂ ಬಿತ್ತಿ. ಎರಡು ತಿಂಗಳಿಗೆ ಹೂ ಬರುತ್ತದೆ. ಬೇರು ಆಳಕ್ಕೆ ಹೋಗುವುದಿಲ್ಲ, ಕೆಳಗೆ ಮಲಗಿರುವುದಕ್ಕೆ ತೊಂದರೆ ಇಲ್ಲ. ಮನೆಯವರೂ ಖುಷಿ, ಉಳಿದ ಅಂಗಳ ನೋಡುತ್ತಾ ಕೂರಲು ನಿಮಗೂ ಅನುಮತಿ ಸಿಕ್ಕಿತು. ನನ್ನ ಹೆಂಡತಿ ಇಲ್ಲೇ ಮುಂದಿನ ಸಾಲಿನಲ್ಲಿದ್ದಾಳೆ, ಈ ಉಪಾಯ ನನ್ನದಲ್ಲ, ಅವಳದೇ ಅಂತ ಈಗಲೇ ಒಪ್ಪಿಕೊಂಡುಬಿಡುತ್ತೇನೆ.

ಇನ್ನೊಬ್ಬರು ‘ಮತ್ತೆ ಅಜ್ಜಿಯ ಕೆಂಪು ಗುಲಾಬಿ ಸಿಕ್ಕಿತಾ’ ಅಂತ ಕೇಳಿದ್ದಾರೆ. ಇಲ್ಲ. ಬಿಳಿಯದನ್ನೇ ಗೇಟಿನ ಮೇಲೆ ಹಬ್ಬಿಸಿದ್ದೇವೆ.

ಹೊರಗೆ ಮೇಜಿನ ಮೇಲೆ ಸಣ್ಣ ಕವರ್‌ಗಳಲ್ಲಿ ಹಾಲಿಹಾಕ್ ಬೀಜ ಇಟ್ಟಿದ್ದೇನೆ. ಒಬ್ಬರಿಗೆ ಒಂದು ತೆಗೆದುಕೊಳ್ಳಿ. ಗೋಡೆ ಪಕ್ಕ, ಬಿಸಿಲಿರುವ ಕಡೆ, ಅರ್ಧ ಇಂಚು ಆಳಕ್ಕೆ ಬಿತ್ತಿ. ಕವರಿನ ಒಳಗೆ ಒಂದು ಚೀಟಿಯೂ ಇದೆ. ಅದನ್ನು ಒಂದು ಕಡ್ಡಿಗೆ ಕಟ್ಟಿ ಅಲ್ಲೇ ಊರಿಬಿಡಿ. ಅದರಲ್ಲಿ ಇಷ್ಟೇ ಬರೆದಿದ್ದೇನೆ: ‘ಕೀಳಬೇಡಿ, ಮುಂದಿನ ವರ್ಷ.’